ಮೆದು ಕಲ್ಲಿಗೆ ಹೊಳಪು: ಉರುಳು ಯಂತ್ರದ ಪಾಠ



‘ಟಂಬ್ಲರ್’ ಅಂದ ಕೂಡಲೇ ನಮಗೆ ನಿಮಗೆಲ್ಲ ನೆನಪಾಗುವುದು ಕಾಫಿ ಕುಡಿಯುವ ಸ್ಟೀಲಿನ ಲೋಟ. ಈ ಪಾಠದಲ್ಲಿ ಹೇಳುವ ಟಂಬ್ಲರ್ ಬೇರೆ. ಇದು ಕಲ್ಲನ್ನು ಉರುಳಿಸಿ ನುಣುಪು ಮಾಡುವ ಚಿಕ್ಕ ಯಂತ್ರ. ಒಂದು ರಬ್ಬರ್ ಡಬ್ಬ, ಅದನ್ನು ತಿರುಗಿಸುವ ಎರಡು ರೋಲರ್, ಒಂದು ಸಣ್ಣ ಮೋಟಾರ್ ಇಷ್ಟೇ ಇದರ ಭಾಗಗಳು. ಡಬ್ಬದೊಳಗೆ ಕಲ್ಲು, ನೀರು, ಉಜ್ಜುವ ಪುಡಿ ಹಾಕಿ ಮುಚ್ಚಳ ಬಿಗಿಮಾಡಿ ಹಗಲೂ ರಾತ್ರಿ ತಿರುಗಿಸಿದರೆ ಒರಟು ಕಲ್ಲು ನಯವಾಗುತ್ತದೆ. ಹೊಳೆಯ ನೀರು ನೂರಾರು ವರ್ಷ ಮಾಡುವ ಕೆಲಸವನ್ನು ಈ ಯಂತ್ರ ಕೆಲವು ದಿನಗಳಲ್ಲಿ ಮಾಡುತ್ತದೆ. ಗೊಲ್ಯಾತನ ಎದುರಿಗೆ ಹೊರಟ ದಾವೀದನು ಹಳ್ಳದಿಂದ ಆರಿಸಿಕೊಂಡ ಐದು ನುಣುಪಾದ ಕಲ್ಲುಗಳೂ ಹೀಗೆ ನೀರಿನಲ್ಲಿ ಉರುಳಿದ ಕಲ್ಲುಗಳೇ.

ಕೀ ಚೈನಿನ ಕಲ್ಲು, ಮೀನಿನ ತೊಟ್ಟಿಯ ಕಲ್ಲು, ಸರದ ಮಣಿ, ಜಪಸರದ ಮಣಿ, ಹೀಗೆ ಹಲವು ವಸ್ತುಗಳನ್ನು ಇದರಿಂದ ಮಾಡಬಹುದು. ಆದ್ದರಿಂದ ಆದಾಯ ತರುವ ಕಿರು ಉದ್ಯೋಗ ಎಂದು ನಾವು ಇದನ್ನು ಒಂದು ಮಹಿಳಾ ಸಂಘಕ್ಕೆ ಪರಿಚಯಿಸಿದೆವು. ಅಲ್ಲಿ ಆದ ತಪ್ಪಿನಿಂದಲೇ ಈ ಪಾಠ ಹುಟ್ಟಿತು. ಅದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮಿಂದ ಆದ ತಪ್ಪು

ಆ ಸಂಘದವರು ತಮ್ಮ ಉಳಿತಾಯದಿಂದ ಆಂತರಿಕ ಸಾಲ ತೆಗೆದು ಯಂತ್ರ ಕೊಂಡರು. ಕಲ್ಲಿಗೆ ಖರ್ಚಿಲ್ಲ. ಊರಿನ ಮಾರ್ಬಲ್ ಅಂಗಡಿಯ ಹಿಂದೆ ಬಿಸಾಡಿದ ಚೂರುಗಳೇ ಸಾಕಿತ್ತು. ನಾವು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದ್ದಂತೆಯೇ ಹೇಳಿಕೊಟ್ಟೆವು: ದಪ್ಪ ಪುಡಿ ಒಂದು ವಾರ, ಮಧ್ಯಮ ಪುಡಿ ಒಂದು ವಾರ, ಸಣ್ಣ ಪುಡಿ ಒಂದು ವಾರ, ಹೊಳಪಿನ ಪುಡಿ ಒಂದು ವಾರ. ತಿಂಗಳು ಕಳೆದು ಡಬ್ಬ ತೆರೆದಾಗ ಎಲ್ಲರ ಮುಖವೂ ಬಾಡಿತು. ಹಾಕಿದ ಕಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿ ಕೆಸರಾಗಿತ್ತು. ಉಳಿದದ್ದು ಸಣ್ಣ ಸಣ್ಣ ಉಂಡೆ, ಮೈತುಂಬ ಬಿಳಿ ಪೆಟ್ಟಿನ ಗುರುತು, ಹೊಳಪು ಮಾತ್ರ ಇಲ್ಲ. ಸಂಘದ ಹಿರಿಯ ಅಕ್ಕ ಒಬ್ಬರು ಒಂದು ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು, “ಸಿಸ್ಟರ್, ಇದು ಪೆಪ್ಪರಮಿಂಟಿನ ಹಾಗೆ ಆಗಿದೆಯಲ್ಲ, ಇದನ್ನ ಯಾರು ತಗೊಳ್ತಾರೆ?” ಎಂದರು. ಯಂತ್ರವನ್ನು ಬಂದ ಬೆಲೆಗೆ ಮಾರಿ ಸಾಲ ತೀರಿಸೋಣ ಎಂಬ ಮಾತೂ ಅದೇ ಸಭೆಯಲ್ಲಿ ಬಂತು.

ತಪ್ಪು ಯಂತ್ರದ್ದಲ್ಲ, ಕಲ್ಲಿನದ್ದೂ ಅಲ್ಲ. ಪುಸ್ತಕದಲ್ಲಿ ಬರೆದಿದ್ದ ಕ್ರಮ ಅಗೇಟ್, ಜಾಸ್ಪರ್‌ನಂಥ ಗಟ್ಟಿ ಕಲ್ಲಿಗೆ. ನಾವು ಅದನ್ನು ಮೆದು ಕಲ್ಲಿಗೆ ಹೇಳಿಕೊಟ್ಟಿದ್ದೆವು. ಮೆದು ಕಲ್ಲಿಗೆ ಬಲ ಕಡಿಮೆ ಬೇಕು, ಗಮನ ಹೆಚ್ಚು ಬೇಕು. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿರಿ.

ಯಾವುದು ಮೆದು, ಯಾವುದು ಗಟ್ಟಿ?

1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜ ವಿಜ್ಞಾನಿ ಕಲ್ಲಿನ ಗಟ್ಟಿತನಕ್ಕೆ 1ರಿಂದ 10ರವರೆಗೆ ಒಂದು ಕ್ರಮ ಹಾಕಿಕೊಟ್ಟರು. ಹೆಚ್ಚು ಅಂಕೆಯ ಕಲ್ಲು ಕಡಿಮೆ ಅಂಕೆಯ ಕಲ್ಲನ್ನು ಗೀರುತ್ತದೆ. ಪೌಡರಿಗೆ ಹಾಕುವ ಟಾಲ್ಕ್ 1, ಮಾರ್ಬಲ್ಲಿನಲ್ಲಿ ಇರುವ ಕ್ಯಾಲ್ಸೈಟ್ 3, ಫ್ಲೋರೈಟ್ 4, ಬೆಣಚುಕಲ್ಲು 7, ವಜ್ರ 10. ನಾವು ಈ ಪಾಠದಲ್ಲಿ 5ಕ್ಕಿಂತ ಕೆಳಗಿನವನ್ನು ಮೆದು ಕಲ್ಲು ಎಂದು ಕರೆಯುತ್ತೇವೆ.

ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಬೆರಳಿನ ಉಗುರು ಸುಮಾರು ಎರಡೂವರೆ, ಕರೆಂಟಿನ ವಯರಿನೊಳಗಿನ ತಾಮ್ರದ ತಂತಿ ಸುಮಾರು 3, ಅಡಿಗೆ ಮನೆಯ ಚಾಕು ಸುಮಾರು ಐದೂವರೆ. ಉಗುರಿನಿಂದ ಗೀರು ಬಿದ್ದರೆ ಬಹಳ ಮೆದು. ಚಾಕುವಿನಿಂದ ಸುಲಭವಾಗಿ ಗೀರು ಬಿದ್ದರೆ ಮೆದು. ಚಾಕುವೇ ಜಾರಿ ಹೋದರೆ ಗಟ್ಟಿ. ಗೀರಿದ ಜಾಗವನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಿರಿ. ಕೆಲವು ಸಲ ಚಾಕುವಿನ ಕಬ್ಬಿಣವೇ ಕಲ್ಲಿನ ಮೇಲೆ ಗೆರೆ ಬಿಡುತ್ತದೆ, ಅದು ಗೀರು ಅಲ್ಲ.

ನಮ್ಮ ಕಡೆ ಸುಲಭವಾಗಿ ಸಿಗುವ ಕಲ್ಲುಗಳು ಇವು:

ಮಾರ್ಬಲ್ ಚೂರು: ಅಂಗಡಿಗಳಲ್ಲಿ ಕತ್ತರಿಸಿ ಉಳಿದದ್ದು. ಯಂತ್ರಕ್ಕೆ ಒಳ್ಳೆಯದು.

ಶಹಾಬಾದ್ ಕಲ್ಲು: ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯಿಂದ ಬರುವ ಸುಣ್ಣದ ಕಲ್ಲು. ಹಳೇ ಮನೆಗಳಲ್ಲಿ ಜನ ಓಡಾಡಿ ಓಡಾಡಿ ನೆಲ ನುಣುಪಾಗಿರುವುದನ್ನು ನೀವು ನೋಡಿರಬಹುದು. ಹರಳು ಬಹಳ ಸಣ್ಣದಾದ್ದರಿಂದ ಇದಕ್ಕೂ ನಯ ಬರುತ್ತದೆ. ಪದರ ಬಿಡುವ ಚೂರನ್ನು ಮಾತ್ರ ಆರಿಸಬೇಡಿ.

ಬಳಪದ ಕಲ್ಲು: ಬಹಳ ಮೆದು. ಇದನ್ನು ಯಂತ್ರಕ್ಕೆ ಹಾಕಲೇಬಾರದು. ಇದರ ಬಗ್ಗೆ ಕೊನೆಯಲ್ಲಿ ಹೇಳುತ್ತೇವೆ.

ಗ್ರಾನೈಟ್, ಬೆಣಚುಕಲ್ಲು, ವಿಟ್ರಿಫೈಡ್ ಟೈಲ್ಸ್ ಚೂರು: ಇವು ಗಟ್ಟಿ. ಮೆದು ಕಲ್ಲಿನ ಜೊತೆ ಒಂದೇ ಒಂದು ಚೂರು ಸೇರಿದರೂ ಇಡೀ ಡಬ್ಬ ಹಾಳು.

ಮಾರ್ಬಲ್ ಹೌದೋ ಅಲ್ಲವೋ ಎಂದು ಸಂಶಯ ಇದ್ದರೆ ಒಂದು ಚೂರಿನ ಮೂಲೆಯನ್ನು ಕೆರೆದು ಅದರ ಮೇಲೆ ನಿಂಬೆ ಹುಳಿ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಜಾತಿಯ ಕಲ್ಲು. ಈ ಪರೀಕ್ಷೆ ಬಿಸಾಡುವ ಚೂರಿನ ಮೇಲೆ ಮಾತ್ರ ಮಾಡಿ. ಕಾರಣ ಮುಂದೆ ತಿಳಿಯುತ್ತದೆ.

ಹೊಳಪು ಅಂದರೆ ಏನು?

ಕಲ್ಲಿನ ಮೇಲೆ ಬಿದ್ದ ಬೆಳಕು ಚೆದುರದೆ ಒಂದೇ ಕಡೆ ಹಿಂತಿರುಗಿದರೆ ಅದು ಹೊಳಪು. ಮೈಮೇಲೆ ಗೀರು ಇದ್ದರೆ ಬೆಳಕು ನಾಲ್ಕು ದಿಕ್ಕಿಗೆ ಚೆದುರುತ್ತದೆ, ಕಲ್ಲು ಮಂಕಾಗಿ ಕಾಣುತ್ತದೆ. ಹಾಗಾದರೆ ಹೊಳಪು ಕೊಡುವುದು ಎಂದರೆ ಮೇಲಿನಿಂದ ಏನನ್ನೋ ಹಚ್ಚುವುದಲ್ಲ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣ ಗೀರನ್ನು ಇನ್ನೂ ಸಣ್ಣ ಗೀರಿನಿಂದ ತೆಗೆಯುತ್ತ ಹೋಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುವುದು.

ಉಜ್ಜುವ ಪುಡಿಗೆ ಅಂಗಡಿಯವರು ಗ್ರಿಟ್ ಎನ್ನುತ್ತಾರೆ. ಅದರ ಮೇಲೆ ನಂಬರ್ ಇರುತ್ತದೆ. ನಂಬರ್ ದೊಡ್ಡದಾದಷ್ಟೂ ಪುಡಿ ಸಣ್ಣ. 60 ನಂಬರಿನ ಕಾಳು ಸುಮಾರು ಕಾಲು ಮಿಲಿಮೀಟರ್, ಅಂದರೆ ಸಣ್ಣ ರವೆಯ ಹಾಗೆ. 500 ನಂಬರಿನದು ಅದಕ್ಕಿಂತ ಹತ್ತು ಪಟ್ಟಿಗೂ ಸಣ್ಣ, ಮುಖದ ಪೌಡರಿನ ಹಾಗೆ. ಹೊಳಪಿನ ಪುಡಿ ಇನ್ನೂ ನಯ.

ಈಗ ಮುಖ್ಯ ವಿಷಯ. ಈ ಪುಡಿ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್. ಅದರ ಗಟ್ಟಿತನ 9ಕ್ಕೂ ಮೇಲೆ. ಬೆಣಚು, ಅಗೇಟ್‌ನಂಥ ಗಟ್ಟಿ ಕಲ್ಲಿನ ಜೊತೆ ಉರುಳುವಾಗ ಪುಡಿಯೂ ಒಡೆದು ದಿನದಿಂದ ದಿನಕ್ಕೆ ತಾನೇ ಸಣ್ಣದಾಗುತ್ತದೆ. ಆದರೆ ಮಾರ್ಬಲ್ ಬರೀ 3. ಅದು ಪುಡಿಯನ್ನು ಒಡೆಯಲಾರದು. ಆದ್ದರಿಂದ ಪುಡಿ ಹರಿತವಾಗಿಯೇ ಉಳಿದು ಮೊದಲ ದಿನ ಗೀರಿದಷ್ಟೇ ಆಳವಾಗಿ ಏಳನೆಯ ದಿನವೂ ಗೀರುತ್ತದೆ. ಇನ್ನೊಂದು, ಮಾರ್ಬಲ್ಲಿನ ಹರಳುಗಳು ಪೆಟ್ಟು ಬಿದ್ದರೆ ಒಳಗೇ ಸೀಳುತ್ತವೆ. ಕಲ್ಲಿನ ಮೇಲೆ ಕಲ್ಲು ಬಿದ್ದ ಜಾಗ ಬೆಳ್ಳಗಾಗುವುದು ಇದರಿಂದಲೇ. ನಮ್ಮ ಮೊದಲ ಡಬ್ಬ ಹಾಳಾದದ್ದು ಈ ಎರಡು ಕಾರಣದಿಂದ.

ಬೇಕಾಗುವ ಸಾಮಾನು

1. ಚಿಕ್ಕ ಉರುಳು ಯಂತ್ರ. ಡಬ್ಬ ರಬ್ಬರಿನದಾದರೆ ಒಳ್ಳೆಯದು. ವೇಗ ಬದಲಿಸುವ ಸೌಕರ್ಯ ಇದ್ದರೆ ಅತಿ ಕಡಿಮೆ ವೇಗದಲ್ಲಿ ಇಡಿ. ಮೆದು ಕಲ್ಲಿಗೆ ನಿಮಿಷಕ್ಕೆ 30 ಸುತ್ತಿನ ಆಸುಪಾಸು ಸಾಕು.
2. ಉಜ್ಜುವ ಪುಡಿ: 120/220 ನಂಬರ್ ಮತ್ತು 500 ನಂಬರ್. 60 ನಂಬರಿನ ದಪ್ಪ ಪುಡಿ ಬೇಡ.
3. ಹೊಳಪಿನ ಪುಡಿ: ಅಲ್ಯೂಮಿನಿಯಂ ಆಕ್ಸೈಡ್. ತವರದ ಆಕ್ಸೈಡ್ ಮಾರ್ಬಲ್ಲಿಗೆ ಇನ್ನೂ ಚೆನ್ನ, ಆದರೆ ದುಬಾರಿ.
4. ಪ್ಲಾಸ್ಟಿಕ್ ಕಾಳು: ಕೊಡ, ಬಕೆಟ್ ಮಾಡುವ ಕಾರ್ಖಾನೆಗಳಿಗೆ ಬರುವ ಕಚ್ಚಾ ಪ್ಲಾಸ್ಟಿಕ್ಕಿನ ಸಣ್ಣ ಕಾಳು. ಇದು ಕಲ್ಲುಗಳ ನಡುವೆ ದಿಂಬಿನ ಹಾಗೆ ಕೆಲಸ ಮಾಡುತ್ತದೆ.
5. ವಾಟರ್ ಪೇಪರ್, ಸಾಣೆ ಕಲ್ಲು, ಹಳೇ ಹಲ್ಲುಜ್ಜುವ ಬ್ರಶ್, ಮೂರು ಬಕೆಟ್, ಒಂದು ಬಟ್ಟೆ ಸೋಪು.
6. ಒಂದು ನೋಟ್ ಪುಸ್ತಕ. ಇದು ಯಂತ್ರದಷ್ಟೇ ಮುಖ್ಯ.

ಕೆಲಸದ ಕ್ರಮ

ಮೊದಲ ಹೆಜ್ಜೆ – ಆರಿಸುವುದು, ಮೂಲೆ ಮುರಿಯುವುದು. ಒಂದೇ ಜಾತಿಯ ಕಲ್ಲನ್ನು ಮಾತ್ರ ತೆಗೆದುಕೊಳ್ಳಿ. ಮಾರ್ಬಲ್ ಆದರೆ ಎಲ್ಲವೂ ಮಾರ್ಬಲ್. ಬಿರುಕು, ತೂತು ಇರುವುದನ್ನು ಬಿಡಿ. ಒಂದರಿಂದ ಮೂರು ಸೆಂಟಿಮೀಟರಿನ ಚೂರುಗಳು, ದೊಡ್ಡದು ಸಣ್ಣದು ಬೆರೆತಿರಲಿ. ದಪ್ಪ ಪುಡಿಯ ಹಂತವನ್ನು ನಾವು ಬಿಡುವುದರಿಂದ ಚೂಪು ಮೂಲೆಗಳನ್ನು ಸಾಣೆ ಕಲ್ಲಿನ ಮೇಲೆ ನೀರು ಹಾಕಿಕೊಂಡು ಕೈಯಲ್ಲೇ ತೇಯಬೇಕು. ಒಂದು ಚೂರಿಗೆ ಎರಡು ಮೂರು ನಿಮಿಷ ಸಾಕು. ಸಂಘದ ಸಭೆಯಲ್ಲಿ ಮಾತಾಡುತ್ತ ಎಲ್ಲರೂ ಮಾಡಬಹುದಾದ ಕೆಲಸ ಇದು.

ಎರಡನೆಯ ಹೆಜ್ಜೆ – 120/220 ಪುಡಿ. ಕಲ್ಲು ಮತ್ತು ಪ್ಲಾಸ್ಟಿಕ್ ಕಾಳು ಸೇರಿ ಡಬ್ಬದ ಮುಕ್ಕಾಲು ಭಾಗ ತುಂಬಬೇಕು. ಡಬ್ಬ ಖಾಲಿ ಇದ್ದರೆ ಕಲ್ಲು ಎತ್ತರದಿಂದ ಬೀಳುತ್ತದೆ, ಪೆಟ್ಟಾಗುತ್ತದೆ. ಪೂರ್ತಿ ತುಂಬಿದರೆ ಉರುಳುವುದೇ ಇಲ್ಲ. ಸುಮಾರು ಮುಕ್ಕಾಲು ಕಿಲೋ ಕಲ್ಲಿಗೆ ಮೂರು ದೊಡ್ಡ ಚಮಚ ಪುಡಿ. ಮೇಲಿನ ಸಾಲಿನ ಕಲ್ಲು ಅರ್ಧ ಮುಳುಗುವಷ್ಟು ನೀರು. ಅವಧಿ ಎರಡರಿಂದ ನಾಲ್ಕು ದಿನ.

ಇಲ್ಲಿ ಪುಸ್ತಕದ ದಿನವನ್ನು ನಂಬಬೇಡಿ, ಕಲ್ಲನ್ನು ನೋಡಿ. ಪ್ರತಿ 24 ಗಂಟೆಗೆ ಒಮ್ಮೆ ಯಂತ್ರ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಕೆಲವು ಕಲ್ಲಿನಿಂದ ಡಬ್ಬದೊಳಗೆ ಗಾಳಿ ತುಂಬಿಕೊಳ್ಳುತ್ತದೆ, ಅದೂ ಹೊರಗೆ ಹೋಗುತ್ತದೆ. ನಾಲ್ಕು ಕಲ್ಲು ತೆಗೆದು ತೊಳೆದು ಒರೆಸಿ ನೋಡಿ. ಮೂಲೆಗಳು ದುಂಡಗಾಗಿ, ಹಳೆಯ ಗರಗಸದ ಗೀರು ಹೋಗಿದ್ದರೆ ಸಾಕು, ಮುಂದಿನ ಹೆಜ್ಜೆಗೆ ಹೋಗಿ. ಇನ್ನೊಂದು ದಿನ ಇರಲಿ ಎಂದು ಬಿಟ್ಟರೆ ಲಾಭವಿಲ್ಲ, ಕಲ್ಲು ಸವೆಯುತ್ತದೆ ಅಷ್ಟೇ.

ಯಂತ್ರ ತಿರುಗುವಾಗ ಶಬ್ದ ಕೇಳಿ. ಅಕ್ಕಿ ಕೇರುವ ಹಾಗೆ ಸರಸರ ಎಂದರೆ ಸರಿ. ಟಕ್ ಟಕ್ ಎಂದು ಬಡಿದರೆ ಕಲ್ಲು ಬೀಳುತ್ತಿದೆ ಎಂದರ್ಥ. ಇನ್ನಷ್ಟು ಪ್ಲಾಸ್ಟಿಕ್ ಕಾಳು ಹಾಕಿ.

ಮೂರನೆಯ ಹೆಜ್ಜೆ – ತೊಳೆಯುವುದು. ನಮ್ಮ ಅನುಭವದಲ್ಲಿ ಹತ್ತು ಸಲ ಹಾಳಾದರೆ ಎಂಟು ಸಲ ಇಲ್ಲಿಯೇ. ದಪ್ಪ ಪುಡಿಯ ಒಂದು ಕಾಳು ಮುಂದಿನ ಹಂತಕ್ಕೆ ಹೋದರೂ ಅದು ಎಲ್ಲ ಕಲ್ಲನ್ನೂ ಗೀರುತ್ತದೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದ ಹಾಗೆ. ಮೂರು ಬಕೆಟ್ಟಿನಲ್ಲಿ ಒಂದಾದ ಮೇಲೆ ಒಂದರಂತೆ ತೊಳೆಯಿರಿ. ಪ್ಲಾಸ್ಟಿಕ್ ಕಾಳು ನೀರಿನ ಮೇಲೆ ತೇಲುತ್ತದೆ, ಜರಡಿಯಿಂದ ಎತ್ತಿ ಬೇರೆ ಡಬ್ಬಿಯಲ್ಲಿ ಇಡಿ. ಒಂದು ಪುಡಿಗೆ ಬಳಸಿದ ಕಾಳನ್ನು ಇನ್ನೊಂದು ಪುಡಿಗೆ ಬಳಸಬೇಡಿ. ಡಬ್ಬ, ಮುಚ್ಚಳದ ಅಂಚು, ಕಲ್ಲಿನ ಸಂದುಗಳನ್ನು ಬ್ರಶ್ಶಿನಿಂದ ಉಜ್ಜಿ. ಆಮೇಲೆ ಕಲ್ಲಿಗೆ ನೀರು ಮತ್ತು ಸ್ವಲ್ಪ ತುರಿದ ಸೋಪು ಹಾಕಿ, ಹೊಸ ಪ್ಲಾಸ್ಟಿಕ್ ಕಾಳಿನ ಜೊತೆ ಎರಡು ಗಂಟೆ ಉರುಳಿಸಿ ಮತ್ತೆ ತೊಳೆಯಿರಿ.

ನಾಲ್ಕನೆಯ ಹೆಜ್ಜೆ – 500 ಪುಡಿ. ಅಳತೆ ಹಿಂದಿನಂತೆಯೇ. ಅವಧಿ ಮೂರು ನಾಲ್ಕು ದಿನ. ಇದು ಮುಗಿದಾಗ ಒಣ ಕಲ್ಲಿನ ಮೈ ಮೊಟ್ಟೆಯ ಚಿಪ್ಪಿನ ಹಾಗೆ ನಯವಾಗಿ, ಒಂದೇ ಸಮ ಮಂಕಾಗಿ ಇರಬೇಕು. ಎಲ್ಲಿಯಾದರೂ ಒಂಟಿ ಗೀರು ಕಂಡರೆ ಆ ಕಲ್ಲನ್ನು ಮುಂದಕ್ಕೆ ಕಳಿಸಬೇಡಿ, ಮುಂದಿನ ಸಲದ ಡಬ್ಬಕ್ಕೆ ಎತ್ತಿಡಿ. ಹೊಳಪಿನ ಪುಡಿ ಗೀರನ್ನು ತೆಗೆಯುವುದಿಲ್ಲ, ಎದ್ದು ಕಾಣುವ ಹಾಗೆ ಮಾಡುತ್ತದೆ. ಮುಗಿದ ಮೇಲೆ ಮತ್ತೆ ಮೂರನೆಯ ಹೆಜ್ಜೆಯಂತೆ ತೊಳೆಯಿರಿ.

ಐದನೆಯ ಹೆಜ್ಜೆ – ಹೊಳಪು. ಇದಕ್ಕೆ ಸಾಧ್ಯವಾದರೆ ಬೇರೆಯೇ ಡಬ್ಬ ಇಟ್ಟುಕೊಳ್ಳಿ. ಹಳೇ ಡಬ್ಬದ ರಬ್ಬರಿನಲ್ಲಿ ಪುಡಿ ಕಚ್ಚಿಕೊಂಡಿರುತ್ತದೆ. ಹೊಸ ಪ್ಲಾಸ್ಟಿಕ್ ಕಾಳು ಹೆಚ್ಚಾಗಿ ಹಾಕಿ, ಮೂರು ಚಮಚ ಹೊಳಪಿನ ಪುಡಿ, ನೀರು ಹಿಂದಿನಷ್ಟೇ. ಒಳಗಿನ ನೀರು ಗಟ್ಟಿ ಮಜ್ಜಿಗೆಯಷ್ಟು ದಪ್ಪ ಇದ್ದರೆ ಕಲ್ಲು ಮೆತ್ತಗೆ ಉರುಳುತ್ತದೆ. ಬರೀ ನೀರಿನ ಹಾಗಿದ್ದರೆ ಒಂದು ಚಮಚ ಸಕ್ಕರೆ ಹಾಕುವುದುಂಟು. ಅವಧಿ ನಾಲ್ಕರಿಂದ ಏಳು ದಿನ. ಇಲ್ಲಿಯೂ ದಿನಕ್ಕೊಮ್ಮೆ ನೋಡಿ.

ಆರನೆಯ ಹೆಜ್ಜೆ – ಸೋಪಿನ ನೀರು. ತೊಳೆದ ಕಲ್ಲನ್ನು ತುರಿದ ಸೋಪು, ನೀರು, ಶುದ್ಧ ಪ್ಲಾಸ್ಟಿಕ್ ಕಾಳಿನ ಜೊತೆ ನಾಲ್ಕೈದು ಗಂಟೆ ಉರುಳಿಸಿ. ಮೈಗೆ ಅಂಟಿದ ತೆಳು ಪೊರೆ ಹೋಗಿ ಹೊಳಪು ತೆರೆದುಕೊಳ್ಳುತ್ತದೆ. ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ ಒಣಗಿಸಿ.

ಒಟ್ಟು ಎರಡು ವಾರದ ಕೆಲಸ. ಗಟ್ಟಿ ಕಲ್ಲಿಗೆ ಬೇಕಾದ ಸಮಯದಲ್ಲಿ ಅರ್ಧ.

ಒದ್ದೆ ಕಲ್ಲನ್ನು ನಂಬಬೇಡಿ

ನೀರಿನಲ್ಲಿ ಇರುವ ಎಲ್ಲ ಕಲ್ಲೂ ಹೊಳೆಯುತ್ತದೆ. ನೀರು ಗೀರಿನೊಳಗೆ ತುಂಬಿಕೊಳ್ಳುವುದೇ ಕಾರಣ. ನಮ್ಮ ಸಂಘದವರೂ ಡಬ್ಬದಿಂದ ತೆಗೆದ ಕೂಡಲೇ “ಬಂತು, ಹೊಳಪು ಬಂತು” ಎಂದು ಸಂತೋಷಪಟ್ಟು, ಒಣಗಿದ ಮೇಲೆ ನಿರಾಸೆ ಪಟ್ಟದ್ದುಂಟು. ಆದ್ದರಿಂದ ಯಾವ ಹಂತದಲ್ಲೇ ಆಗಲಿ, ಒಣಗಿಸಿಯೇ ನಿರ್ಧಾರ ಮಾಡಿ. ಒಣ ಕಲ್ಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಟ್ಯೂಬಿನ ಅಂಚು ಕಲ್ಲಿನ ಮೇಲೆ ಗೆರೆ ಎಳೆದ ಹಾಗೆ ಸ್ಪಷ್ಟವಾಗಿ ಕಂಡರೆ ಹೊಳಪು ಬಂದಿದೆ. ಮಸುಕಾಗಿ ಕಂಡರೆ ಇನ್ನೂ ಬರಬೇಕು.

ಹುಣಸೆ ಹುಳಿ ಬೇಡ

ಹಿತ್ತಾಳೆ ಪಾತ್ರೆಗೆ, ದೀಪಕ್ಕೆ ಹುಣಸೆ ಹಣ್ಣು ಹಚ್ಚಿ ಉಜ್ಜುವುದು ನಮ್ಮ ಮನೆಗಳ ರೂಢಿ. ಅದೇ ಅಭ್ಯಾಸದಿಂದ ಒಬ್ಬ ತಂಗಿ ಹೊಳಪು ಬಂದ ಮಾರ್ಬಲ್ ಕಲ್ಲುಗಳನ್ನು ಇನ್ನೂ ಫಳಫಳ ಆಗಲಿ ಎಂದು ಹುಣಸೆ ನೀರಿನಲ್ಲಿ ನೆನೆಹಾಕಿದಳು. ಬೆಳಿಗ್ಗೆ ನೋಡಿದರೆ ಎಲ್ಲವೂ ಸುಣ್ಣದ ಗೋಡೆಯ ಹಾಗೆ ಮಂಕು! ಹುಣಸೆ, ನಿಂಬೆ, ವಿನೆಗರ್, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಎಲ್ಲವೂ ಸುಣ್ಣದ ಜಾತಿಯ ಕಲ್ಲನ್ನು ತಿನ್ನುತ್ತವೆ. ನೆಲದ ಮಾರ್ಬಲ್ ಪಾಲಿಶ್ ಮಾಡುವವರು ಆಕ್ಸಾಲಿಕ್ ಆ್ಯಸಿಡ್ ಬಳಸುತ್ತಾರೆ ಎಂದು ಕೆಲವರು ಕೇಳಿದ್ದೀರಿ. ಅದು ವಿಷ. ಮಕ್ಕಳಿರುವ ಮನೆಯಲ್ಲಿ, ಅಡಿಗೆಯ ಪಕ್ಕದಲ್ಲಿ ಅದು ಬೇಡವೇ ಬೇಡ.

ಬಳಪದ ಕಲ್ಲಿಗೆ ಕೈಯೇ ಯಂತ್ರ

ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು ಬಳಪದ ಕಲ್ಲಿನ ಜಾತಿಯವು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಗುಣ ಅದಕ್ಕಿದೆ. ಬೇಲೂರಿನ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. ಅದರ ಒಳಗಿನ ಕಂಬಗಳ ನುಣುಪು ಒಂಬೈನೂರು ವರ್ಷದ ಮೇಲೂ ಉಳಿದಿದೆ. ಮೆದು ಕಲ್ಲಿಗೆ ಹೊಳಪು ನಿಲ್ಲುವುದಿಲ್ಲ ಎನ್ನುವವರಿಗೆ ಇದೇ ಉತ್ತರ.

ಆದರೆ ನಮಗೆ ಸಿಗುವ ಬಳಪದ ಚೂರನ್ನು ಯಂತ್ರಕ್ಕೆ ಹಾಕಿದರೆ ಒಂದೇ ದಿನದಲ್ಲಿ ಕೆಸರು. ಅದನ್ನು ನೀರಿನೊಳಗೆ ಹಿಡಿದು ವಾಟರ್ ಪೇಪರಿನಿಂದ ಕೈಯಲ್ಲಿ ಉಜ್ಜಬೇಕು: ಮೊದಲು 220, ಆಮೇಲೆ 400, 600, 1000. ಕೊನೆಗೆ ಒಣಗಿಸಿ ಸ್ವಲ್ಪ ಮೇಣ ಸವರಿ ಬಟ್ಟೆಯಿಂದ ತಿಕ್ಕಬೇಕು. ಇಲ್ಲಿ ಮೇಣ ಹಚ್ಚಿದ್ದನ್ನು ಗಿರಾಕಿಗೆ ಹೇಳಿಯೇ ಮಾರಿರಿ. ಒಂದು ಎಚ್ಚರಿಕೆ: ಕೆಲವು ಬಳಪದ ಕಲ್ಲಿನಲ್ಲಿ ಕಲ್ನಾರಿನ ಎಳೆಗಳು ಬೆರೆತಿರಬಹುದು. ನೂಲಿನ ಹಾಗೆ ಎಳೆ ಎಳೆಯಾಗಿ ಕಾಣುವ ಕಲ್ಲನ್ನು ಮುಟ್ಟಬೇಡಿ. ಬಳಪದ ಕಲ್ಲನ್ನು ಒಣಗಿದ್ದಾಗ ಎಂದೂ ಉಜ್ಜಬೇಡಿ.

ಉಸಿರು ಮೊದಲು, ಹೊಳಪು ಆಮೇಲೆ

ಗುಜರಾತಿನ ಖಂಭಾತ್ ಅಗೇಟ್ ಮಣಿಗಳಿಗೆ ಹೆಸರಾದ ಊರು. ಆ ಭಾಗದಲ್ಲಿ ಮಣಿ ಮಾಡುವ ಕಸುಬು ಸಿಂಧೂ ನಾಗರಿಕತೆಯ ಕಾಲದ್ದು. ಹತ್ತಿರದ ಲೋಥಲ್‌ನಲ್ಲಿ ಮಣಿ ತಯಾರಿಸುತ್ತಿದ್ದ ಜಾಗವೇ ಉತ್ಖನನದಲ್ಲಿ ಸಿಕ್ಕಿದೆ. ಆದರೆ ಖಂಭಾತಿಗೆ ಇನ್ನೊಂದು ಕಥೆಯೂ ಇದೆ. ಮನೆಗಳಲ್ಲೇ ಕೂತು ಅಗೇಟ್ ತೇಯುವವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದಿದೆ. ಕಲ್ಲಿನ ಅತಿ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುತ್ತದೆ. ಅದಕ್ಕೆ ಗುಣಪಡಿಸುವ ಔಷಧ ಇಲ್ಲ. ಅಂಥವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ತೇಯುವವರಿಗೆ ಮಾತ್ರವಲ್ಲ, ಅದೇ ಧೂಳಿನಲ್ಲಿ ಇರುವ ಮನೆಯವರಿಗೂ ಅಪಾಯ.

ಮಾರ್ಬಲ್ಲಿನಲ್ಲಿ ಸಿಲಿಕಾ ಕಡಿಮೆ ಇರುತ್ತದೆ ನಿಜ. ಆದರೆ ಯಾವ ಕಲ್ಲಿನ ಧೂಳೂ ಎದೆಗೆ ಒಳ್ಳೆಯದಲ್ಲ, ಮತ್ತು ಚೂರುಗಳ ರಾಶಿಯಲ್ಲಿ ಯಾವುದು ಯಾವ ಕಲ್ಲು ಎಂದು ಯಾವಾಗಲೂ ತಿಳಿಯುವುದಿಲ್ಲ. ಉರುಳು ಯಂತ್ರದ ದೊಡ್ಡ ಗುಣ ಎಂದರೆ ಎಲ್ಲವೂ ನೀರಿನೊಳಗೆ, ಮುಚ್ಚಿದ ಡಬ್ಬದೊಳಗೆ ನಡೆಯುತ್ತದೆ. ಆ ಗುಣವನ್ನು ನಾವು ಹಾಳುಮಾಡಬಾರದು. ಆದ್ದರಿಂದ:

– ಕಲ್ಲು ಒಡೆಯುವಾಗ ಒದ್ದೆ ಗೋಣಿಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಮನೆಯ ಹೊರಗೆ ಒಡೆಯಿರಿ. ಮೂಗಿಗೆ ಸೆರಗು ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ.
– ತೇಯುವುದು, ಮಣಿಗೆ ತೂತು ಹಾಕುವುದು ಎಲ್ಲವೂ ನೀರಿನೊಂದಿಗೆ. ನೀರಿನ ಹತ್ತಿರ ಕರೆಂಟಿನ ಡ್ರಿಲ್ ಬೇಡ, ಕೈ ಡ್ರಿಲ್ ಇರಲಿ. ತೂತನ್ನು ಹೊಳಪಿನ ಹಂತಕ್ಕೆ ಮುಂಚೆಯೇ ಹಾಕಿ.
– ಉಜ್ಜುವ ಪುಡಿಯನ್ನು ಫ್ಯಾನಿನ ಕೆಳಗೆ ಅಳೆಯಬೇಡಿ.
– ಕೆಸರನ್ನು ಮೋರಿಗೆ ಚೆಲ್ಲಬೇಡಿ. ಪೈಪಿನಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಮೇಲಿನ ತಿಳಿ ನೀರು ಬಸಿದು, ಕೆಳಗಿನ ಗಸಿಯನ್ನು ಹಸಿ ಇದ್ದಾಗಲೇ ಗುಂಡಿಯಲ್ಲಿ ಹೂತುಬಿಡಿ. ನೆಲಕ್ಕೆ ಚೆಲ್ಲಿದ್ದು ಒಣಗಿದರೆ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.
– ಯಂತ್ರಕ್ಕೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಇರಲಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.
– ಕರೆಂಟ್ ಹೋದರೆ ಸ್ವಿಚ್ ಆರಿಸಿ. ಒಳಗಿನ ಪುಡಿ ತಳಕ್ಕೆ ಕೂತು ಗಟ್ಟಿಯಾಗಿರುತ್ತದೆ. ಕರೆಂಟ್ ಬಂದ ಮೇಲೆ ಡಬ್ಬವನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಆಮೇಲೆ ಹಾಕಿ. ಇಲ್ಲದಿದ್ದರೆ ಬೆಲ್ಟ್ ಕಿತ್ತುಹೋಗುತ್ತದೆ.

ಲೆಕ್ಕ ಇಡದೆ ಲಾಭ ಇಲ್ಲ

ಪ್ರತಿ ಡಬ್ಬಕ್ಕೂ ನೋಟ್ ಪುಸ್ತಕದಲ್ಲಿ ಒಂದು ಪುಟ. ಕಲ್ಲಿನ ಜಾತಿ, ಹಾಕಿದ ತೂಕ, ಯಾವ ಪುಡಿ, ಎಷ್ಟು ಚಮಚ, ಹಾಕಿದ ದಿನ, ತೆಗೆದ ದಿನ, ಬಂದ ತೂಕ, ಕೆಟ್ಟ ಕಲ್ಲೆಷ್ಟು ಎಲ್ಲವನ್ನೂ ಬರೆಯಿರಿ. ಉದಾಹರಣೆಗೆ 800 ಗ್ರಾಂ ಹಾಕಿ 640 ಗ್ರಾಂ ಬಂದರೆ ಸವೆತ 160 ಗ್ರಾಂ, ಅಂದರೆ ನೂರಕ್ಕೆ 20. ಮುಂದಿನ ಸಲ ಅದಕ್ಕಿಂತ ಹೆಚ್ಚಾದರೆ ಮೊದಲ ಪುಡಿಯಲ್ಲಿ ದಿನ ಜಾಸ್ತಿ ಆಗಿದೆ ಎಂದು ಪುಸ್ತಕವೇ ಹೇಳುತ್ತದೆ.

ಕರೆಂಟಿನ ಖರ್ಚನ್ನೂ ಮರೆಯಬೇಡಿ. ಮೋಟಾರ್ 25 ವಾಟಿನದಾದರೆ 24 ಗಂಟೆಗೆ 0.6 ಯೂನಿಟ್. 14 ದಿನಕ್ಕೆ ಸುಮಾರು ಎಂಟೂವರೆ ಯೂನಿಟ್. ಯಂತ್ರ ಯಾರ ಮನೆಯಲ್ಲಿದೆಯೋ ಅವರ ಬಿಲ್ಲಿಗೆ ಸಂಘದಿಂದ ಇಷ್ಟು ಕೊಡಬೇಕು. ಇದನ್ನು ಬಿಟ್ಟು ಲಾಭ ಹಂಚಿದರೆ ನಾಳೆ ಮನಸ್ತಾಪಕ್ಕೆ ದಾರಿ. ಕರೆಂಟು, ಪುಡಿ, ಕೈಕೆಲಸದ ಗಂಟೆ, ಯಂತ್ರದ ಸಾಲದ ಕಂತು ನಾಲ್ಕನ್ನೂ ಕೂಡಿಸಿ, ಮಾರಲು ಯೋಗ್ಯವಾದ ಕಲ್ಲಿನ ಸಂಖ್ಯೆಯಿಂದ ಭಾಗಿಸಿ. ಅದು ಒಂದು ಕಲ್ಲಿನ ಅಸಲು. ಅದಕ್ಕಿಂತ ಕಡಿಮೆಗೆ ಕೇಳುವವರಿಗೆ ಕೊಡಬೇಡಿ.

ಮಾರುವಾಗ ಸತ್ಯ ಇರಲಿ. ಎಣ್ಣೆ, ವಾರ್ನಿಶ್ ಸವರಿ ಹೊಳಪು ಎಂದು ಹೇಳಬೇಡಿ. ನಾಲ್ಕು ದಿನದಲ್ಲಿ ಮಂಕಾಗಿ ಗಿರಾಕಿ ತಿರುಗಿ ಬರುವುದಿಲ್ಲ. ಮಾರ್ಬಲ್ಲನ್ನು ರತ್ನ ಎಂದೋ, ಕಾಯಿಲೆ ಗುಣಮಾಡುವ ಕಲ್ಲು ಎಂದೋ, ಅದೃಷ್ಟದ ಕಲ್ಲು ಎಂದೋ ಹೇಳಬೇಡಿ. ಮೆದು ಕಲ್ಲು ಉಂಗುರಕ್ಕೆ, ಬೀಗದ ಕೈಗೊಂಚಲಿಗೆ ಹೋದರೆ ಬೇಗ ಗೀರು ಬೀಳುತ್ತದೆ ಎಂಬುದನ್ನೂ ತಿಳಿಸಿ. ಸರ, ಜಪಸರ, ಮೇಜಿನ ಅಲಂಕಾರಕ್ಕೆ ಇದು ಸರಿ. ಐದು ದಶಕದ ಜಪಸರಕ್ಕೆ 59 ಮಣಿ ಬೇಕು. ಎಲ್ಲವನ್ನೂ ಕಲ್ಲಿನಲ್ಲೇ ಮಾಡಿದರೆ ಭಾರವಾಗುತ್ತದೆ. ‘ಪರಲೋಕದಲ್ಲಿರುವ’ ಜಪದ ಆರು ಮಣಿ ಮಾತ್ರ ಕಲ್ಲಿನದು, ಉಳಿದ 53 ಮರದ್ದು ಹಾಕಿದರೆ ಹಗುರವೂ ಆಗುತ್ತದೆ, ಚೆನ್ನಾಗಿಯೂ ಕಾಣುತ್ತದೆ.

ಆ ಸಂಘ ಏನಾಯಿತು?

ಯಂತ್ರ ಮಾರುವ ಮಾತು ಬಂದ ಸಭೆಯಲ್ಲಿ ನಾವು ತಪ್ಪು ನಮ್ಮದು ಎಂದು ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳಿದೆವು. ಪೆಪ್ಪರಮಿಂಟ್ ಎಂದ ಆ ಅಕ್ಕನೇ, “ಇನ್ನೊಂದ್ ಸಲ ನೋಡೋಣ ಬಿಡಿ, ಕಲ್ಲಿಗೇನು ದುಡ್ಡು ಕೊಡ್ಬೇಕಾ?” ಎಂದು ಎಲ್ಲರನ್ನೂ ಒಪ್ಪಿಸಿದರು. ಎರಡನೆಯ ಡಬ್ಬದಲ್ಲಿ ದಪ್ಪ ಪುಡಿ ಬಿಟ್ಟೆವು, ಪ್ಲಾಸ್ಟಿಕ್ ಕಾಳು ಹಾಕಿದೆವು. ಪೆಟ್ಟಿನ ಗುರುತು ಹೋಯಿತು, ಗೀರು ಮಾತ್ರ ಉಳಿಯಿತು, ತೊಳೆದದ್ದು ಸಾಲದೆ ಇತ್ತು. ಮೂರನೆಯ ಡಬ್ಬದಲ್ಲಿ ಆ ಅಕ್ಕನೇ ಬ್ರಶ್ ಹಿಡಿದು ಒಂದೊಂದು ಕಲ್ಲನ್ನೂ ತೊಳೆದರು. ಆ ಸಲ ಒಣ ಕಲ್ಲಿನ ಮೇಲೆ ಟ್ಯೂಬ್‌ಲೈಟ್ ಕಂಡಿತು. ಎಲ್ಲದರಲ್ಲೂ ಅಲ್ಲ, ಮುಕ್ಕಾಲು ಪಾಲು ಕಲ್ಲಿನಲ್ಲಿ. ಚರ್ಚಿನ ಹಬ್ಬದ ದಿನ ಮೇಜು ಹಾಕಿ ಮಾರಿದರು. ಸಾಲ ಇನ್ನೂ ಪೂರ್ತಿ ತೀರಿಲ್ಲ. ಕಂತು ಮಾತ್ರ ತಪ್ಪಿಲ್ಲ. ಯಂತ್ರ ಅವರ ಬಳಿಯೇ ಇದೆ.

ಮೆದು ಸ್ವಭಾವದ ಮಕ್ಕಳನ್ನು, ಸೊಸೆಯಂದಿರನ್ನು, ಹೊಸದಾಗಿ ಸಂಘಕ್ಕೆ ಸೇರಿದವರನ್ನು ಗದರಿಸಿ ತಿದ್ದಲು ಹೋದರೆ ಏನಾಗುತ್ತದೆ ಎಂದು ಆ ಅಕ್ಕ ಕಲ್ಲು ತೊಳೆಯುತ್ತ ಒಂದು ಮಾತು ಹೇಳಿದ್ದರು. ಅದನ್ನು ನಾವು ಬರೆಯುವುದಿಲ್ಲ, ನೀವೇ ಯೋಚಿಸಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನ ಸುತ್ತ ಬಿಸಾಡುವ ಕಲ್ಲಿನ ಚೂರು ಎಲ್ಲೆಲ್ಲಿ ಸಿಗುತ್ತದೆ? ಚಾಕು, ತಾಮ್ರದ ತಂತಿಯಿಂದ ಪರೀಕ್ಷಿಸಿ, ಮೆದು ಮತ್ತು ಗಟ್ಟಿ ಎಂದು ಎರಡು ಗುಂಪು ಮಾಡಿರಿ.
2. ಗಟ್ಟಿ ಕಲ್ಲಿನ ಕ್ರಮ ಮೆದು ಕಲ್ಲಿಗೆ ಏಕೆ ಆಗುವುದಿಲ್ಲ? ಎರಡು ಕಾರಣ ಹೇಳಿರಿ.
3. ಧೂಳು ಏಳುವ ಕೆಲಸಗಳು ಯಾವುವು? ನಮ್ಮಲ್ಲಿ ಬೀಡಿ, ಸಿಮೆಂಟ್, ಜಲ್ಲಿ ಕೆಲಸಕ್ಕೆ ಹೋಗುವವರು ತಮ್ಮ ಉಸಿರಿಗೆ ಏನು ರಕ್ಷಣೆ ಮಾಡಿಕೊಂಡಿದ್ದಾರೆ?
4. ಯಂತ್ರ ಇಟ್ಟುಕೊಂಡ ಮನೆಯ ಕರೆಂಟ್ ಬಿಲ್ಲನ್ನು ಹೇಗೆ ಹಂಚಿಕೊಳ್ಳಬೇಕು? ಸಂಘದ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಯಿರಿ.
5. ಹಾಳಾದ ಮೊದಲ ಡಬ್ಬದ ಹಾಗೆ, ನಮ್ಮ ಸಂಘದಲ್ಲಿ ಒಮ್ಮೆ ಸೋತು ಅರ್ಧಕ್ಕೆ ಬಿಟ್ಟ ಕೆಲಸ ಯಾವುದಿದೆ? ಅದರಲ್ಲಿ ತಪ್ಪು ಕೆಲಸದ್ದೋ, ಕ್ರಮದ್ದೋ?